ನೆಲ ಕಳೆದುಕೊಂಡವರ ಸಾಕ್ಷಿ



ಒಂದು ಊರು ಎತ್ತಂಗಡಿಯಾದಾಗ ಸರ್ಕಾರದ ಕಡತದಲ್ಲಿ ಏನೇನು ಉಳಿಯುತ್ತದೆ? ಸರ್ವೆ ನಂಬರ್ ಉಳಿಯುತ್ತದೆ. ಎಕರೆ, ಗುಂಟೆ ಉಳಿಯುತ್ತವೆ. ಮನೆಯ ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಹಿತ್ತಿಲಲ್ಲಿ ಎಷ್ಟು ತೆಂಗು, ಎಷ್ಟು ಮಾವು ಎಂಬ ಲೆಕ್ಕ ಉಳಿಯುತ್ತದೆ. ಕೊಟ್ಟ ಪರಿಹಾರದ ಮೊತ್ತ ಉಳಿಯುತ್ತದೆ. ಪಡೆದವರ ಹೆಬ್ಬೆಟ್ಟಿನ ಗುರುತೂ ಉಳಿಯುತ್ತದೆ. ಆದರೆ ಆ ಹಿತ್ತಿಲಲ್ಲಿ ಬೆಳಗಿನ ಜಾವ ಯಾವ ಹಕ್ಕಿ ಕೂಗುತ್ತಿತ್ತು? ಮಳೆಗಾಲದಲ್ಲಿ ಹಳ್ಳ ಯಾವ ಬಂಡೆಯವರೆಗೆ ಏರುತ್ತಿತ್ತು? ನಾಟಿಯ ದಿನ ಗದ್ದೆಯಲ್ಲಿ ಯಾರ ದನಿ ಮೇಲಿರುತ್ತಿತ್ತು? ಇವಕ್ಕೆ ಯಾವ ಕಡತದಲ್ಲೂ ಕಾಲಂ ಇಲ್ಲ.

ಇಲ್ಲದ ಆ ಕಾಲಂ ತುಂಬಲು ಜಗತ್ತಿನ ಬೇರೆ ಬೇರೆ ಕಡೆ ಕೆಲವು ಕಲಾವಿದರು ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಅವರನ್ನು ವಿಡಿಯೊ ಕಲಾವಿದರು ಎನ್ನುತ್ತೇವೆ. ನೆಲ ಬದಲಾಗುವುದಕ್ಕೆ, ಜನ ಒಕ್ಕಲೆದ್ದು ಹೋಗುವುದಕ್ಕೆ ಅವರು ಹೇಗೆ ಸಾಕ್ಷಿಯಾಗುತ್ತಾರೆ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಮೊದಲು ಒಂದು ವಿವರಣೆ. ವಿಡಿಯೊ ಕಲೆ ಎಂದರೆ ಸಿನಿಮಾ ಅಲ್ಲ. ಅದರಲ್ಲಿ ನಾಯಕ, ನಾಯಕಿ, ಮಧ್ಯಂತರ ಇರುವುದಿಲ್ಲ. ಅದು ಟಿವಿ ಸುದ್ದಿಯೂ ಅಲ್ಲ. ಸುದ್ದಿಗೆ ಒಂದೂವರೆ ನಿಮಿಷ ಸಿಕ್ಕರೆ ಹೆಚ್ಚು. ಬುಲ್‌ಡೋಜರ್ ಬಂದ ದಿನ ಸುದ್ದಿಯ ಕ್ಯಾಮೆರಾ ಬರುತ್ತದೆ, ಬುಲ್‌ಡೋಜರ್ ಹೋಗುವ ಮುಂಚೆಯೇ ಅದು ಹೊರಟಿರುತ್ತದೆ. ವಿಡಿಯೊ ಕಲಾವಿದರ ಚಿತ್ರ ಸಾಮಾನ್ಯವಾಗಿ ಕಲಾ ಪ್ರದರ್ಶನಾಲಯದ ಕತ್ತಲೆ ಕೋಣೆಯಲ್ಲಿ ಮತ್ತೆ ಮತ್ತೆ ಓಡುತ್ತಿರುತ್ತದೆ. ಕೆಲವೊಮ್ಮೆ ಒಂದೇ ಪರದೆ, ಕೆಲವೊಮ್ಮೆ ಮೂರು, ನಾಲ್ಕು, ಒಂಬತ್ತು. ನೋಡುವವರು ಯಾವಾಗ ಬೇಕಾದರೂ ಒಳಗೆ ಬರಬಹುದು, ನಿಲ್ಲಬಹುದು, ಕೂರಬಹುದು. ಕಥೆ ಮುಂದಕ್ಕೆ ಓಡಲಿ ಎಂಬ ಅವಸರ ಅಲ್ಲಿಲ್ಲ. ಒಂದು ಮರವನ್ನು ಎರಡು ನಿಮಿಷ ನೋಡುವ ವ್ಯವಧಾನ ಅಲ್ಲಿದೆ.

ಈ ಕಲೆಗೆ ಅರವತ್ತು ವರ್ಷಗಳ ಇತಿಹಾಸವಿದೆ. ಕೊರಿಯಾದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್ ಅವರನ್ನು ಇದರ ಆದ್ಯರೆಂದು ಗುರುತಿಸುತ್ತಾರೆ. ಅವರು 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್ ಎಂಬ ಊರಿನಲ್ಲಿ ಟಿವಿ ಪೆಟ್ಟಿಗೆಗಳನ್ನೇ ಕಲಾಕೃತಿಗಳಾಗಿ ಇಟ್ಟು ಪ್ರದರ್ಶನ ಮಾಡಿದರು. ಈ ಪೈಕ್ ಸ್ವತಃ ನೆಲೆ ಕಳೆದುಕೊಂಡ ಕುಟುಂಬದವರು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಅವರ ಮನೆಯವರು ಊರು ಬಿಟ್ಟು ಹಾಂಗ್‌ಕಾಂಗಿಗೆ, ಅಲ್ಲಿಂದ ಜಪಾನಿಗೆ ಹೋದರು. 1967ರ ಹೊತ್ತಿಗೆ ಹೆಗಲಿಗೆ ನೇತುಹಾಕಿಕೊಂಡು ಒಬ್ಬರೇ ಹೊತ್ತು ತಿರುಗಬಹುದಾದ ವಿಡಿಯೊ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಸಿನಿಮಾ ರೀಲಿಗೆ ದುಡ್ಡು ಹೆಚ್ಚು, ಹೊತ್ತು ಕಡಿಮೆ. ಟೇಪು ಅಗ್ಗ, ಅಳಿಸಿ ಮತ್ತೆ ಬಳಸಬಹುದು. ಹಾಗಾಗಿ ಕಾಯುವುದು ಸಾಧ್ಯವಾಯಿತು. ಸಾಕ್ಷಿಗೆ ಬೇಕಾದ ಮೊದಲ ಗುಣ ಈ ಕಾಯುವಿಕೆ.

ನಮ್ಮ ದೇಶದಲ್ಲಿ ಈ ದಾರಿ ಹಿಡಿದ ಮೊದಲಿಗರಲ್ಲಿ ನಳಿನಿ ಮಲಾನಿ ಒಬ್ಬರು. ಅವರು ಹುಟ್ಟಿದ್ದು 1946ರಲ್ಲಿ, ಕರಾಚಿಯಲ್ಲಿ. ಮರುವರ್ಷ ದೇಶ ವಿಭಜನೆಯಾಯಿತು. ಕುಟುಂಬ ಭಾರತಕ್ಕೆ ಬಂತು. 1998ರಲ್ಲಿ ಅವರು ಸಾದತ್ ಹಸನ್ ಮಾಂಟೊ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯನ್ನು ನೆನೆದು ಒಂದು ವಿಡಿಯೊ ಕೃತಿ ಮಾಡಿದರು. ಎರಡು ದೇಶಗಳ ನಡುವೆ, ಯಾರಿಗೂ ಸೇರದ ನೆಲದಲ್ಲಿ ಬಿದ್ದು ಸಾಯುವ ಮನುಷ್ಯನ ಕಥೆ ಅದು. ಆ ಕೋಣೆಯನ್ನು ನಿಮಗೆ ವಿವರಿಸುತ್ತೇನೆ. ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳು ಓಡುತ್ತಿವೆ. ನೆಲದ ಮೇಲೆ ತಗಡಿನ ಟ್ರಂಕುಗಳು ಬಾಯಿ ತೆರೆದು ಕೂತಿವೆ. ನಮ್ಮ ಅಜ್ಜಿಯರ ಮನೆಯಲ್ಲಿ ಸೀರೆ ಇಡುತ್ತಿದ್ದರಲ್ಲ, ಅಂಥವೇ ಟ್ರಂಕುಗಳು. ಒಳಗೆ ಇಣುಕಿದರೆ ಪುಟ್ಟ ಟಿವಿ. ಅದರಲ್ಲಿ ಊರು ಬಿಟ್ಟು ಹೊರಟ ಜನ, ಬಾಂಬು ಬಿದ್ದ ನಗರ. ಓಡಿ ಬಂದವರು ಹೊತ್ತು ತಂದ ಪೆಟ್ಟಿಗೆಯಲ್ಲೇ ಅವರ ಕಥೆ ಇದೆ. ಅದನ್ನು ನೋಡಬೇಕಾದರೆ ನಾವು ಬಗ್ಗಲೇಬೇಕು.

ಇದುವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಕಡತಕ್ಕೆ ಲೆಕ್ಕ ಬೇಕು. ಸುದ್ದಿಗೆ ಘಟನೆ ಬೇಕು. ವಿಡಿಯೊ ಕಲಾವಿದರಿಗೆ ಕಾಲ ಬೇಕು. ಈ ಕಾಲವನ್ನು ಮೂರು ಭಾಗ ಮಾಡಿ ನೋಡೋಣ. ನೆಲ ಹೋಗುವ ಮುನ್ನ. ನೆಲ ಹೋಗುತ್ತಿರುವಾಗ. ನೆಲ ಹೋದ ಮೇಲೆ. ಒಂದೊಂದಕ್ಕೂ ಬೇರೆ ಬೇರೆ ಕಡೆಯ ಉದಾಹರಣೆ ಕೊಡುತ್ತೇನೆ.

ಮೊದಲನೆಯದು, ನೆಲ ಹೋಗುವ ಮುನ್ನ. ಇದಕ್ಕೆ ಒಡಿಶಾಕ್ಕೆ ಹೋಗೋಣ.

ಒಡಿಶಾದ ಬೆಟ್ಟಗಳಲ್ಲಿ ಬಾಕ್ಸೈಟ್ ಇದೆ, ಕಬ್ಬಿಣದ ಅದಿರು ಇದೆ. ಕರಾವಳಿಯಲ್ಲಿ ಬಂದರಿಗೆ ಅನುಕೂಲವಾದ ಜಾಗವಿದೆ. 1990ರ ದಶಕದಿಂದ ಅಲ್ಲಿಗೆ ದೊಡ್ಡ ದೊಡ್ಡ ಕಾರ್ಖಾನೆಗಳ ಒಪ್ಪಂದಗಳು ಬರತೊಡಗಿದವು. 2005ರಲ್ಲಿ ಪೋಸ್ಕೊ ಎಂಬ ದಕ್ಷಿಣ ಕೊರಿಯಾದ ಉಕ್ಕಿನ ಕಂಪನಿಯ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಸುಮಾರು 4,000 ಎಕರೆ ಅದಕ್ಕೆ ಬೇಕಿತ್ತು. ಅಲ್ಲಿದ್ದವರು ವೀಳ್ಯದೆಲೆ ಬೆಳೆಯುವವರು, ಭತ್ತ ಬೆಳೆಯುವವರು, ಮೀನು ಹಿಡಿಯುವವರು. 2006ರ ಜನವರಿಯಲ್ಲಿ ಕಳಿಂಗ ನಗರ ಎಂಬಲ್ಲಿ ಕಾರ್ಖಾನೆಯ ಕಾಂಪೌಂಡು ಕಟ್ಟುವುದನ್ನು ವಿರೋಧಿಸಿದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು.

ದೆಹಲಿಯ ಕಲಾವಿದ ಅಮರ್ ಕನ್ವರ್ ಈ ಒಡಿಶಾಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗಿ ಬಂದು ಮಾಡುತ್ತಿದ್ದರು. ಅವರ ‘ದಿ ಸಾವರಿನ್ ಫಾರೆಸ್ಟ್’ ಎಂಬ ದೊಡ್ಡ ಕೃತಿ 2012ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಬಂತು. ಅದರ ಮುಖ್ಯ ಭಾಗ ‘ದಿ ಸೀನ್ ಆಫ್ ಕ್ರೈಮ್’ ಎಂಬ, ಸುಮಾರು 40 ನಿಮಿಷಗಳ ಚಿತ್ರ.

ಆ ಹೆಸರು ಕೇಳಿದರೆ ಅಪರಾಧ ನಡೆದ ಜಾಗ ತೋರಿಸುತ್ತಾರೆ, ರಕ್ತ ತೋರಿಸುತ್ತಾರೆ ಎನಿಸುತ್ತದೆ. ಚಿತ್ರದಲ್ಲಿ ಕಾಣುವುದು ಬೇರೆ. ಗಾಳಿಗೆ ಬಾಗಿ ಏಳುವ ಹುಲ್ಲು. ನಿಧಾನ ಹರಿಯುವ ನೀರು. ಮರ. ಹೊಲ. ವಿವರಿಸುವ ನಿರೂಪಕರ ದನಿ ಇಲ್ಲ. ಬಹಳ ಹೊತ್ತಿನ ನಂತರ ಪರದೆಯ ಮೇಲೆ ನಾಲ್ಕು ಅಕ್ಷರ ಬಂದು ಹೋಗುತ್ತವೆ. ಇಷ್ಟರಲ್ಲಿ ಅಪರಾಧ ಎಲ್ಲಿದೆ? ಉತ್ತರ ಹೀಗಿದೆ. ಆ ಚಿತ್ರದಲ್ಲಿ ಕಾಣುವ ಹೆಚ್ಚುಕಡಿಮೆ ಪ್ರತಿಯೊಂದು ಜಾಗವೂ ಕೈಗಾರಿಕೆಗಾಗಿ ಗುರುತು ಮಾಡಿದ್ದು. ಸ್ವಾಧೀನದ ಪ್ರಕ್ರಿಯೆ ನಡೆಯುತ್ತಿದ್ದದ್ದು. ಆ ಹುಲ್ಲು, ಆ ನೀರು, ಆ ಮರ ಯಾವುದೂ ಮುಂದೆ ಇರಬಾರದು ಎಂದು ಕಾಗದದ ಮೇಲೆ ತೀರ್ಮಾನವಾಗಿತ್ತು. ಅದು ಗೊತ್ತಾದ ಕ್ಷಣದಿಂದ ಅದೇ ಹುಲ್ಲನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ.

ನಮ್ಮಲ್ಲಿ ಪೊಲೀಸರು ಸ್ಥಳ ಮಹಜರು ಮಾಡುವುದು ಅಪರಾಧ ನಡೆದ ಮೇಲೆ. ಕನ್ವರ್ ಮಹಜರು ಮಾಡಿದ್ದು ಅದಕ್ಕೂ ಮುಂಚೆ. ಹೋಗಲಿರುವುದು ಏನು ಎಂಬುದನ್ನು ಅದು ಇನ್ನೂ ಇರುವಾಗಲೇ ದಾಖಲು ಮಾಡಿದರು. ಅಲ್ಲೇನೂ ಇರಲಿಲ್ಲ, ಬರೀ ಬೀಳು ನೆಲ ಎಂದು ನಾಳೆ ಯಾರಾದರೂ ಹೇಳಿದರೆ ಈ ಚಿತ್ರ ಎದುರು ನಿಲ್ಲುತ್ತದೆ.

ಈ ಕೃತಿಯ ಇನ್ನೊಂದು ಭಾಗವನ್ನು ಹತ್ತಿರದಿಂದ ನೋಡೋಣ. ಅದು ಭತ್ತದ ಬೀಜ. ಒಡಿಶಾದ ನಾಟಿ ತಳಿಗಳು, 250ಕ್ಕೂ ಹೆಚ್ಚು ಬಗೆಯವು. ಒಂದೊಂದು ತಳಿಯ ಒಂದು ಹಿಡಿ ಕಾಳು, ಒಂದೊಂದಕ್ಕೂ ಪ್ರತ್ಯೇಕ ಜಾಗ, ಸಾಲು ಸಾಲಾಗಿ. ಒಂದು ಕಪ್ಪು, ಒಂದು ಕೆಂಪು, ಒಂದು ಚಿನ್ನದ ಬಣ್ಣ. ಒಂದು ಉದ್ದ, ಒಂದು ಗುಂಡು. ಒಂದು ತಳಿ ನೆರೆಯಲ್ಲಿ ನಿಲ್ಲುವಂಥದ್ದು, ಇನ್ನೊಂದು ನೀರಿಲ್ಲದೆ ಬದುಕುವಂಥದ್ದು. ಪಕ್ಕದಲ್ಲಿ ಬಾಳೆಯ ನಾರಿನ ಕಾಗದದಿಂದ ಮಾಡಿದ ದೊಡ್ಡ ಪುಸ್ತಕಗಳು. ಹಾಳೆಯ ಒಳಗೇ ಮೀನುಬಲೆಯ ತುಂಡು, ಬಟ್ಟೆಯ ತುಂಡು, ಭತ್ತದ ಕಾಳು ಸೇರಿಸಿದ್ದಾರೆ. ಮೇಲಿನಿಂದ ಹಾಳೆಯ ಮೇಲೆ ವಿಡಿಯೊ ಬೀಳುತ್ತದೆ. ನೋಡುವವರು ಪುಟ ತಿರುವಿದಂತೆ ನೋಟ ಹೊಸ ಹಾಳೆಯ ಮೇಲೆ ಹರಿಯುತ್ತದೆ. ಬೆಟ್ಟದ ಬೆಲೆ ಎಷ್ಟು ಟನ್ ಅದಿರು ಎಂದು ಕಂಪನಿ ಹೇಳುತ್ತದೆ. ನಮ್ಮ ಹತ್ತಿರ ಇಷ್ಟು ಭತ್ತ ಇತ್ತು ಎಂದು ಬೀಜಗಳು ಹೇಳುತ್ತವೆ. ಎರಡನ್ನೂ ತೂಗುವವರು ನಾವು.

ಕನ್ವರ್ ಮಾಡಿದ ದೊಡ್ಡ ಕೆಲಸ ಇನ್ನೊಂದಿದೆ. ಕೃತಿಯನ್ನು ಅವರು ಜರ್ಮನಿಯಲ್ಲೇ ಬಿಡಲಿಲ್ಲ. 2012ರ ಆಗಸ್ಟ್ 15ರಂದು ಭುವನೇಶ್ವರದಲ್ಲಿ ‘ಸಮದೃಷ್ಟಿ’ ಪತ್ರಿಕೆಯ ಆವರಣದಲ್ಲಿ ಅದು ಜನರಿಗೆ ತೆರೆಯಿತು. ನೆಲ ಕಳೆದುಕೊಂಡ ಊರುಗಳವರು ಬಂದು ನೋಡಿದರು. ನಿಮ್ಮಲ್ಲಿ ಇರುವ ಪುರಾವೆಗಳನ್ನೂ ತಂದು ಸೇರಿಸಿ ಎಂಬ ಆಹ್ವಾನ ಅವರಿಗಿತ್ತು. ಸಾಕ್ಷಿ ಹೇಳಬೇಕಾದವರು ಸ್ವತಃ ಸಾಕ್ಷಿಕಟ್ಟೆ ಏರಿದರು.

ಹಾಗಾದರೆ ನೆಲ ಹೋಗುವ ಮುನ್ನ ಕಲಾವಿದರ ಕೆಲಸ ಏನೆಂದು ತಿಳಿಯಿತು. ಇರುವುದನ್ನು ಇರುವಂತೆ, ನಿಧಾನವಾಗಿ, ಪ್ರೀತಿಯಿಂದ ದಾಖಲು ಮಾಡುವುದು. ಈಗ ಎರಡನೆಯ ಹಂತಕ್ಕೆ ಬರೋಣ. ಕಣ್ಣೆದುರೇ ಊರು ಒಡೆಯುತ್ತಿರುವಾಗ ಏನು ಮಾಡುವುದು? ಇದಕ್ಕೆ ಚೀನಾಕ್ಕೆ ಹೋಗೋಣ.

ಯಾಂಗ್ಟ್ಸಿ ನದಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟೆಯ ಹೆಸರು ನೀವು ಕೇಳಿದ್ದೀರಿ. 1994ರಲ್ಲಿ ಕೆಲಸ ಶುರುವಾಯಿತು. 2003ರಲ್ಲಿ ನೀರು ನಿಲ್ಲಿಸತೊಡಗಿದರು. 2010ರ ಹೊತ್ತಿಗೆ ನೀರು ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 175 ಮೀಟರಿಗೆ ಬಂತು. ಹಿನ್ನೀರಿನ ಉದ್ದ 600 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಬೀದರಿಗೆ ಹೋಗುವಷ್ಟು ದೂರ ಎಂದಿಟ್ಟುಕೊಳ್ಳಿ. 13 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹತ್ತಕ್ಕೂ ಹೆಚ್ಚು ನಗರಗಳು, ಸಾವಿರಕ್ಕೂ ಹೆಚ್ಚು ಹಳ್ಳಿಗಳು ಮುಳುಗಡೆಯಾದವು.

ಅಲ್ಲಿ ಒಂದು ನೋಟ ಎಲ್ಲ ಊರಲ್ಲೂ ಸಾಮಾನ್ಯವಾಗಿತ್ತು. ಗೋಡೆಗಳ ಮೇಲೆ, ಬೆಟ್ಟದ ಇಳಿಜಾರಿನಲ್ಲಿ ದೊಡ್ಡ ದೊಡ್ಡ ಅಂಕಿಗಳನ್ನು ಬರೆದಿದ್ದರು. ನೀರು ಇಲ್ಲಿಯವರೆಗೆ ಬರುತ್ತದೆ ಎಂಬ ಗುರುತು ಅದು. ಆ ಅಂಕಿಯ ಕೆಳಗೇ ಜನ ತರಕಾರಿ ಮಾರುತ್ತಿದ್ದರು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಆಮೇಲೆ ಸುತ್ತಿಗೆ ಹಿಡಿದ ಕೂಲಿಗಳು ಬಂದರು. ಕಟ್ಟಡಗಳನ್ನು ಕೈಯಿಂದಲೇ ಒಡೆದರು. ಇಟ್ಟಿಗೆ, ಕಬ್ಬಿಣದ ಸರಳು ಬೇರೆ ಮಾಡಿ ಮಾರಿದರು.

ಹೀಗೆ ಒಡೆದ ಊರುಗಳಲ್ಲಿ ವಾನ್‌ಶಿಯಾನ್ ಒಂದು. ಅಲ್ಲಿ ಬೆಳೆದ ಹುಡುಗಿ ಚೆನ್ ಕಿಯುಲಿನ್. 1975ರಲ್ಲಿ ಹುಟ್ಟಿದವರು. ಕಲಾ ಶಾಲೆಯಲ್ಲಿ ಓದಿ ಮುಗಿಸಿ ಊರಿಗೆ ಬಂದಾಗ ಊರು ಊರಾಗಿ ಉಳಿದಿರಲಿಲ್ಲ. 2002ರಲ್ಲಿ ಅವರು ಅಲ್ಲೇ ಒಂದು ಕಿರು ವಿಡಿಯೊ ಮಾಡಿದರು. ವಿದಾಯದ ಕವಿತೆ ಎಂಬ ಅರ್ಥದ ಹೆಸರು ಅದಕ್ಕೆ. ಅವರ ನಾಡಿನ ಹಳೆಯ ಸಂಗೀತ ನಾಟಕದ ವೇಷ ಅದರಲ್ಲಿ ಬರುತ್ತದೆ. ಬಣ್ಣ ಹಚ್ಚಿದ ಮುಖ, ಉದ್ದ ತೋಳಿನ ರೇಷ್ಮೆ ಉಡುಗೆ. ಆ ವೇಷ ನಿಂತಿರುವುದು ರಂಗದ ಮೇಲೆ ಅಲ್ಲ, ಒಡೆದ ಮನೆಗಳ ಕಲ್ಲುರಾಶಿಯ ನಡುವೆ. ಸುತ್ತ ಧೂಳು, ಸುತ್ತಿಗೆ, ಸಾಮಾನು ಕಟ್ಟುವ ಜನ. ಒಬ್ಬ ರಾಣಿ ಸೋತ ರಾಜನಿಗೆ ವಿದಾಯ ಹೇಳುವ ಹಳೆಯ ಕಥೆಯನ್ನು ಅವರು ಮುಳುಗುವ ಊರಿಗೆ ವಿದಾಯ ಹೇಳಲು ಬಳಸಿಕೊಂಡರು.

ಇದು ದಾಖಲೆ ಆಗುವುದು ಹೇಗೆ ಎಂದು ನೀವು ಕೇಳಬಹುದು. ವೇಷ ಹಾಕಿದರೆ ಅದು ನಾಟಕವಾಯಿತಲ್ಲ? ಯೋಚಿಸಿ ನೋಡಿ. ಮನೆ ಒಡೆಯುವ ಚಿತ್ರಗಳನ್ನು ಆ ಕಾಲದಲ್ಲಿ ಸಾವಿರಾರು ಜನ ತೆಗೆದರು. ಒಂದರಂತೆ ಇನ್ನೊಂದು. ಊರು ಹೋಗುವಾಗ ಕಲ್ಲು ಮಣ್ಣಿನ ಜೊತೆಗೆ ಹಬ್ಬ ಹೋಗುತ್ತದೆ, ಜಾತ್ರೆ ಹೋಗುತ್ತದೆ, ನಾಟಕ ಆಡುತ್ತಿದ್ದ ಬಯಲು ಹೋಗುತ್ತದೆ. ಮುಳುಗಡೆಯ ಊರಿನ ಬಯಲಾಟದ ಮೇಳ ಬೇರೆ ಬೇರೆ ಕಡೆ ಚದುರಿ ಹೋದರೆ ಮತ್ತೆ ಕೂಡುವುದುಂಟೆ? ಆ ನಷ್ಟ ಬರಿಯ ಕಟ್ಟಡದ ಚಿತ್ರದಲ್ಲಿ ಸಿಗುವುದಿಲ್ಲ. ಕಲ್ಲುರಾಶಿಯ ಮೇಲೆ ನಿಂತ ಆ ವೇಷದಲ್ಲಿ ಸಿಗುತ್ತದೆ.

ಐದು ವರ್ಷಗಳ ನಂತರ, 2007ರಲ್ಲಿ ಚೆನ್ ‘ದಿ ಗಾರ್ಡನ್’ ಎಂಬ ವಿಡಿಯೊ ಮಾಡಿದರು. ಅಷ್ಟು ಹೊತ್ತಿಗೆ ಹಳೆಯ ಊರು ನೀರಿನ ಕೆಳಗಿತ್ತು. ಮೇಲೆ ಹೊಸ ನಗರ ಎದ್ದಿತ್ತು. ವಿಡಿಯೊದಲ್ಲಿ ಕೂಲಿ ಕೆಲಸದ ಗಂಡಸರು ಬರುತ್ತಾರೆ. ಅವರ ಕೈಯಲ್ಲಿ ಹೂದಾನಿಗಳು. ಹೂದಾನಿಯಲ್ಲಿ ಗುಲಾಬಿ ಬಣ್ಣದ ದೊಡ್ಡ ಪಿಯೊನಿ ಹೂಗಳು. ಚೀನಾದಲ್ಲಿ ಅದು ಸಿರಿವಂತಿಕೆಯ ಹೂವು. ಹೊಸ ರಸ್ತೆ, ಹೊಸ ಮೆಟ್ಟಿಲು, ಹೊಸ ಕಟ್ಟಡಗಳ ನಡುವೆ ಅವರು ಆ ಹೂ ಹೊತ್ತು ನಡೆಯುತ್ತಾರೆ. ಸಿರಿ ಅವರ ಹೆಗಲ ಮೇಲಿದೆ, ಆದರೆ ಅದು ಅವರದಲ್ಲ. ಒಂದು ಮಾತೂ ಇಲ್ಲದೆ ಇಡೀ ಅಭಿವೃದ್ಧಿಯ ಲೆಕ್ಕ ಅಲ್ಲಿದೆ.

ಒಂದೂರಿನ ಮಗಳು ತನ್ನ ಊರಿಗೆ ಮರಳಿ ಮರಳಿ ಬಂದು ನೋಡಿದ್ದರಿಂದ ಇದು ಸಾಧ್ಯವಾಯಿತು. ಒಂದೇ ಸಲ ಬಂದು ಹೋದವರಿಗೆ ಊರು ಒಡೆಯುವುದು ಮಾತ್ರ ಕಾಣುತ್ತದೆ. ಒಡೆದ ಮೇಲೆ ಜನ ಹೇಗೆ ಬದುಕಿದರು ಎಂಬುದು ಮರಳಿ ಬಂದವರಿಗೆ ಕಾಣುತ್ತದೆ.

ಎರಡು ಹಂತ ನೋಡಿದೆವು. ಒಡಿಶಾದಲ್ಲಿ ನೆಲ ಹೋಗುವ ಮುನ್ನ. ಚೀನಾದಲ್ಲಿ ನೆಲ ಹೋಗುತ್ತಿರುವಾಗ. ಈಗ ಮೂರನೆಯದು. ಎಲ್ಲ ಮುಗಿದು ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಕಲಾವಿದರು ಏನನ್ನು ಹುಡುಕುತ್ತಾರೆ? ಇದಕ್ಕೆ ಉಗಾಂಡಾಕ್ಕೂ ಅಫ್ಘಾನಿಸ್ತಾನಕ್ಕೂ ಹೋಗಬೇಕು.

1972ರ ಆಗಸ್ಟ್. ಉಗಾಂಡಾದ ಸರ್ವಾಧಿಕಾರಿ ಇದಿ ಅಮಿನ್ ಒಂದು ಆದೇಶ ಹೊರಡಿಸಿದರು. ಅಲ್ಲಿದ್ದ ಏಷ್ಯಾ ಮೂಲದವರು 90 ದಿನಗಳಲ್ಲಿ ದೇಶ ಬಿಡಬೇಕು. ಅವರಲ್ಲಿ ಹೆಚ್ಚಿನವರು ಭಾರತದಿಂದ, ಅದರಲ್ಲೂ ಗುಜರಾತಿನಿಂದ ಹೋದವರ ಮಕ್ಕಳು ಮೊಮ್ಮಕ್ಕಳು. ಹತ್ತಾರು ಸಾವಿರ ಜನ ಅಂಗಡಿ, ಮನೆ, ಶಾಲೆ ಬಿಟ್ಟು ಹೊರಟರು. ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಹೋದರು. ಜರೀನಾ ಭೀಮ್‌ಜಿ ಆಗ ಒಂಬತ್ತು ವರ್ಷದ ಬಾಲಕಿ. ಎರಡು ವರ್ಷದ ನಂತರ ಅವರ ಕುಟುಂಬವೂ ಬ್ರಿಟನ್ನಿಗೆ ಹೋಯಿತು.

ದೊಡ್ಡವರಾದ ಮೇಲೆ ಅವರು ಉಗಾಂಡಾಕ್ಕೆ ಮರಳಿ ಹೋಗಿ ‘ಔಟ್ ಆಫ್ ಬ್ಲೂ’ ಎಂಬ ಚಿತ್ರ ಮಾಡಿದರು. 2002ರಲ್ಲಿ ಅದು ಪ್ರದರ್ಶನವಾಯಿತು. ಸುಮಾರು 25 ನಿಮಿಷದ್ದು. ಅದರಲ್ಲಿ ಮನುಷ್ಯರು ಕಾಣುವುದಿಲ್ಲ. ಮಂಜು ಮುಸುಕಿದ ಹಸಿರು ಗುಡ್ಡ ಕಾಣುತ್ತದೆ. ಆಮೇಲೆ ಬೆಂಕಿ. ಬಣ್ಣ ಕಿತ್ತ ಗೋಡೆಯ ಖಾಲಿ ಮನೆಗಳು. ಸಮಾಧಿಗಳು. ಜನ ಕೊನೆಯ ವಿಮಾನ ಹತ್ತಿ ಹೋದ ಎಂಟೆಬ್ಬೆ ವಿಮಾನ ನಿಲ್ದಾಣ.

ಬಾನುಲಿ ಕೇಳುವ ನಿಮಗೆ ಈ ಚಿತ್ರ ವಿಶೇಷವಾಗಿ ಇಷ್ಟವಾಗಬೇಕು. ಏಕೆಂದರೆ ಅದರ ಅರ್ಧ ಜೀವ ಸದ್ದಿನಲ್ಲಿದೆ. ನೋಟದಲ್ಲಿ ಜನ ಇಲ್ಲ, ಕಿವಿಗೆ ಜನ ಇದ್ದಾರೆ. ಬೆಂಕಿ ಚಟಪಟ ಉರಿಯುವುದು, ಕೀಟಗಳ ಗುಂಯ್‌ಗುಡುವಿಕೆ, ಹಕ್ಕಿಯ ದನಿ, ನಡುನಡುವೆ ಅಸ್ಪಷ್ಟವಾದ ಮನುಷ್ಯರ ಮಾತು. ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಆದರೆ ಇಲ್ಲಿ ಯಾರೋ ಬದುಕಿದ್ದರು, ಇಲ್ಲಿ ಯಾರೋ ಹೆದರಿದ್ದರು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಮೂವತ್ತು ವರ್ಷ ಕಳೆದ ಮೇಲೆ ಉಳಿಯುವ ನೆನಪು ಹಾಗೇ ಇರುತ್ತದಲ್ಲವೇ? ಮುಖ ಮಾಸುತ್ತದೆ, ದನಿ ಉಳಿಯುತ್ತದೆ.

ಇನ್ನೊಬ್ಬರು ಲಿಡಾ ಅಬ್ದುಲ್. ಕಾಬೂಲಿನಲ್ಲಿ ಹುಟ್ಟಿ, ಯುದ್ಧದಿಂದ ದೇಶ ಬಿಟ್ಟು, ನಿರಾಶ್ರಿತರಾಗಿ ಭಾರತದಲ್ಲೂ ಕೆಲ ಕಾಲ ಇದ್ದು ಅಮೆರಿಕ ಸೇರಿದವರು. 2005ರಲ್ಲಿ ವೆನಿಸ್ ಕಲಾ ಮೇಳದಲ್ಲಿ ಅಫ್ಘಾನಿಸ್ತಾನವನ್ನು ಪ್ರತಿನಿಧಿಸಿದರು. ಅವರ ‘ವೈಟ್ ಹೌಸ್’ ಐದೇ ನಿಮಿಷದ ಕೃತಿ. ಬಾಂಬಿಗೆ ಸಿಕ್ಕ ಕಟ್ಟಡದ ಅವಶೇಷ. ಅರ್ಧ ಕಂಬ, ಮುರಿದ ಮೆಟ್ಟಿಲು. ಕಪ್ಪು ಬಟ್ಟೆ ತೊಟ್ಟ ಕಲಾವಿದೆ ಕುಂಚ ಹಿಡಿದು ಆ ಕಲ್ಲುಗಳಿಗೆ ಬಿಳಿ ಬಣ್ಣ ಹಚ್ಚುತ್ತಾ ಹೋಗುತ್ತಾರೆ. ಮರುವರ್ಷ ಮಾಡಿದ ಇನ್ನೊಂದು ವಿಡಿಯೊದಲ್ಲಿ ಕಾಬೂಲಿನ ಹುಡುಗರು ಸಾಲಾಗಿ ನಿಂತಿದ್ದಾರೆ. ಗಾಳಿ ಜೋರಾಗಿ ಬೀಸುತ್ತಿದೆ. ಒಬ್ಬೊಬ್ಬನ ಕೈಯಲ್ಲೂ ಇಟ್ಟಿಗೆ. ಬಿದ್ದ ಕಟ್ಟಡಗಳಿಂದ ಆರಿಸಿ ತಂದದ್ದು. ಎದುರಿಗೆ ಒಬ್ಬ ಮನುಷ್ಯ ಇಟ್ಟಿಗೆ ತೆಗೆದುಕೊಂಡು ಚಿಲ್ಲರೆ ಕಾಸು ಕೊಡುತ್ತಾನೆ. ಊರಿನ ಅವಶೇಷವನ್ನೇ ಮಾರಿ ಬದುಕುವ ಮಕ್ಕಳು ಅವರು.

ಮೂರು ಹಂತವೂ ಮುಗಿಯಿತು. ಮುನ್ನ, ನಡುವೆ, ನಂತರ. ಈಗ ಒಂದು ಕಷ್ಟದ ಪ್ರಶ್ನೆ ಎತ್ತಬೇಕು. ಇದರಿಂದ ಏನು ಪ್ರಯೋಜನ?

ನೇರವಾಗಿ ಹೇಳುತ್ತೇನೆ. ವಿಡಿಯೊ ಕೃತಿ ಅಣೆಕಟ್ಟೆ ನಿಲ್ಲಿಸುವುದಿಲ್ಲ. ಗಣಿ ಮುಚ್ಚಿಸುವುದಿಲ್ಲ. ಒಡಿಶಾದ ನಿಯಮಗಿರಿ ಬೆಟ್ಟ ಉಳಿದದ್ದು ಅಲ್ಲಿನ ಡೋಂಗ್ರಿಯಾ ಕೊಂಧ ಜನರ ಹೋರಾಟದಿಂದ. 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಹನ್ನೆರಡು ಗ್ರಾಮಸಭೆಗಳು ನಡೆದವು. ಹನ್ನೆರಡೂ ಗಣಿ ಬೇಡ ಎಂದವು. ಆ ಪೋಸ್ಕೊ ಕಂಪನಿ ನಮ್ಮ ಗದಗ ಜಿಲ್ಲೆಯ ಹಳ್ಳಿಗುಡಿಗೂ ಬರುವುದಿತ್ತು. 2011ರಲ್ಲಿ ರೈತರೂ ಮಠಾಧೀಶರೂ ಒಟ್ಟಾಗಿ ನಿಂತದ್ದರಿಂದ ಆ ಯೋಜನೆಯನ್ನು ಕೈಬಿಡಬೇಕಾಯಿತು. ಗೆಲುವು ಜನರದ್ದು. ಅದರ ಕೀರ್ತಿ ಕಲಾವಿದರಿಗೆ ಸಲ್ಲುವುದಿಲ್ಲ.

ಆದರೆ ಸೋತ ಕಡೆ ಏನಾಗುತ್ತದೆ ನೋಡಿ. ಜಗತ್‌ಸಿಂಗ್‌ಪುರದಿಂದಲೂ ಆ ಕಂಪನಿ 2017ರಲ್ಲಿ ಹೋಯಿತು. ವೀಳ್ಯದ ತೋಟಗಳು ಅದಾಗಲೇ ನೆಲಸಮವಾಗಿದ್ದವು. ಭೂಮಿ ರೈತರ ಕೈಗೆ ಮರಳಲಿಲ್ಲ, ಸರ್ಕಾರದ ಭೂ ಬ್ಯಾಂಕ್ ಸೇರಿತು. ಇಂಥಲ್ಲಿ ತೋಟ ಇತ್ತು ಎಂಬುದನ್ನು ಮುಂದಿನ ತಲೆಮಾರಿಗೆ ಯಾರು ಹೇಳಬೇಕು? ಪಹಣಿಯಲ್ಲಿ ಹೆಸರು ಬದಲಾಗಿರುತ್ತದೆ. ನಕ್ಷೆ ಬದಲಾಗಿರುತ್ತದೆ. ಆಗ ಸಾಕ್ಷಿ ಬೇಕು. ಗೆದ್ದವರಿಗೆ ಸಾಕ್ಷಿ ಇಲ್ಲದಿದ್ದರೂ ನಡೆದೀತು, ಕಳೆದುಕೊಂಡವರಿಗೆ ನಡೆಯುವುದಿಲ್ಲ.

ಸಾಕ್ಷಿಯಾಗುವುದಕ್ಕೂ ನಿಯಮಗಳಿವೆ. ನಾವು ನೋಡಿದ ಕಲಾವಿದರಿಂದ ಮೂರು ನಿಯಮ ಕಲಿಯಬಹುದು. ಒಂದು, ಅವಸರ ಮಾಡಬಾರದು. ಎರಡು, ಅಳುವ ಮುಖವನ್ನು ಹುಡುಕಿಕೊಂಡು ಹೋಗಬಾರದು. ಕನ್ವರ್ ಹುಲ್ಲನ್ನು ತೋರಿಸಿದರು, ಭೀಮ್‌ಜಿ ಖಾಲಿ ಗೋಡೆ ತೋರಿಸಿದರು. ನೊಂದವರ ಮಾನ ಉಳಿಯಿತು. ಮೂರು, ಚಿತ್ರ ಯಾರದೋ ಅವರಿಗೆ ಮರಳಿ ಹೋಗಬೇಕು. ಪಾಳುಬಿದ್ದ ಊರಿನ ಚಿತ್ರ ವಿದೇಶದ ಗೋಡೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಅಲ್ಲಿಗೇ ನಿಂತರೆ ಅದು ಸಾಕ್ಷ್ಯವಾಗದೆ ಅಲಂಕಾರವಾಗುತ್ತದೆ.

ಈ ನಿಯಮಗಳನ್ನು ಇಟ್ಟುಕೊಂಡು ಕೊನೆಯದಾಗಿ ನಮ್ಮ ನಾಡಿನ ಕಡೆ ನೋಡೋಣ.

ಕನ್ನಡ ನಾಡು ಮುಳುಗಡೆ ಕಂಡ ನಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಶರಾವತಿ ಕಣಿವೆಯ ಊರುಗಳು ಹೋದವು. ಆ ಜನರಲ್ಲಿ ಹಲವರು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಹೋದವು. ಓಣಿಯ ಹೆಸರು ಹೇಳಿ ವಿಳಾಸ ಕೊಡುತ್ತಿದ್ದವರು ನವನಗರದಲ್ಲಿ ಸೆಕ್ಟರ್ ನಂಬರ್ ಹೇಳುವುದನ್ನು ಕಲಿತರು. ನಮ್ಮ ಸಾಹಿತ್ಯ ಈ ನೋವಿಗೆ ಸಾಕ್ಷಿಯಾಗಿದೆ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ಕಥೆಯಾಗಿ ನಮ್ಮಲ್ಲಿ ಸಾಕ್ಷ್ಯ ಇದೆ. ಆದರೆ ಮುಳುಗಿದ ಗದ್ದೆಯ ನೋಟ, ಆ ಊರಿನ ಸದ್ದು ನಮ್ಮಲ್ಲಿ ಎಷ್ಟಿದೆ? ಬಹಳ ಕಡಿಮೆ. ಆಗ ಹಳ್ಳಿಯವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಈಗ ಇದೆ. ಎಲ್ಲರ ಜೇಬಿನಲ್ಲೂ ಇದೆ. ಲಿಂಗನಮಕ್ಕಿಯ ನೀರು ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಕಾಣುತ್ತದೆ. ಜನ ಹೋಗಿ ಡ್ರೋನ್ ಹಾರಿಸಿ ವಿಡಿಯೊ ಮಾಡುತ್ತಾರೆ, ಹಿಂದೆ ಸಂಗೀತ ಹಾಕುತ್ತಾರೆ. ಕಟ್ಟಡ ಕಾಣುತ್ತದೆ, ಅಲ್ಲಿಂದ ಎದ್ದು ಹೋದ ಒಂದು ಮನೆತನದ ಮಾತೂ ಅದರಲ್ಲಿ ಕೇಳುವುದಿಲ್ಲ. 2025ರಲ್ಲಿ ಇದೇ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ತುಮರಿ ಭಾಗದ ಜನ ಅರವತ್ತು ವರ್ಷ ಕಾದ ಸೇತುವೆ ಅದು. ಬಹಳ ಸಂತೋಷದ ವಿಷಯ. ಅದರ ಜೊತೆಗೆ, ಲಾಂಚಿಗಾಗಿ ದಡದಲ್ಲಿ ಕಾದ ಬಸುರಿಯರ, ಶಾಲೆ ಮಕ್ಕಳ ಕಥೆಯನ್ನು ಹೇಳಬಲ್ಲವರು ಇನ್ನೂ ಇರುವಾಗಲೇ ದಾಖಲಿಸಬೇಕು.

ಮುಂದೆ ಬರುವುದೂ ಇದೆ. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519 ಮೀಟರಿನಿಂದ 524 ಮೀಟರಿಗೆ ಏರಿಸುವ ಯೋಜನೆ ಇದೆ. ಹೊಲಗಳಿಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಸುಮಾರು ಇಪ್ಪತ್ತು ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಇನ್ನಷ್ಟು ಭಾಗಗಳು ಹೋಗಬೇಕಾಗುತ್ತದೆ. ಆ ಊರುಗಳು ಇವತ್ತು ಇವೆ. ಅಲ್ಲಿ ಜೋಳ ತೂಗುತ್ತಿದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ.

ಅದಕ್ಕೇ ಈ ಮಾತು ಕೇಳುತ್ತಿರುವ ಯುವಜನರಲ್ಲಿ, ಶಿಕ್ಷಕರಲ್ಲಿ, ಕಲಾ ಶಾಲೆಗಳ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಹೋಗಲಿರುವ ಊರು ನಿಮ್ಮದಾಗಿದ್ದರೆ ಈಗಲೇ ಫೋನು ತೆಗೆಯಿರಿ. ಒಂದೇ ಕಡೆ ನಿಂತು, ಕೈ ಅಲುಗಾಡಿಸದೆ, ಮೂರು ನಿಮಿಷ ಚಿತ್ರ ತೆಗೆಯಿರಿ. ಹಿನ್ನೆಲೆ ಸಂಗೀತ ಹಾಕಬೇಡಿ, ಊರಿನ ಸದ್ದು ಇರಲಿ. ಹಿರಿಯರನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಅವರು ಒಪ್ಪಿದರೆ ಮಾತ್ರ, ಪ್ರತಿ ಹೊಲದ ಹೆಸರು, ಪ್ರತಿ ಹಳ್ಳದ ಹೆಸರು ಅವರ ಬಾಯಿಂದಲೇ ಹೇಳಿಸಿ. ಊರು, ತಾಲ್ಲೂಕು, ತಾರೀಖು ತಪ್ಪದೆ ಬರೆದಿಡಿ. ಫೋನಿನಲ್ಲೇ ಬಿಡಬೇಡಿ, ಮೂರು ಪ್ರತಿ ಮಾಡಿ. ಒಂದು ಪ್ರತಿ ಆ ಮನೆಯವರಿಗೆ ಕೊಡಿ, ಒಂದನ್ನು ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಕೊಡಿ, ಒಂದು ನಿಮ್ಮಲ್ಲಿರಲಿ.

ಸರ್ಕಾರಕ್ಕೂ ಒಂದು ಮಾತು. ಭೂಸ್ವಾಧೀನದ ನೋಟಿಸ್ ಹೊರಡುವಾಗ ಹೇಗೆ ಸರ್ವೆಯವರನ್ನು ಕಳಿಸುತ್ತೀರೋ ಹಾಗೆಯೇ ಆ ಊರಿನ ನೋಟ, ದನಿ ದಾಖಲಿಸುವವರನ್ನೂ ಕಳಿಸಿ. ಸಾವಿರಾರು ಕೋಟಿಯ ಯೋಜನೆಯಲ್ಲಿ ಅದರ ಖರ್ಚು ಲೆಕ್ಕಕ್ಕೆ ಬರುವಷ್ಟಿಲ್ಲ. ಪರಿಹಾರದ ಹಣ ಒಂದು ತಲೆಮಾರಿನಲ್ಲಿ ಕರಗುತ್ತದೆ. ಈ ದಾಖಲೆ ಮೊಮ್ಮಕ್ಕಳಿಗೂ ಸೇರುತ್ತದೆ. ಊರು ಬಿಟ್ಟುಕೊಟ್ಟವರಿಗೆ ನಾಡು ಕೊಡಬೇಕಾದ ಸಾಲದಲ್ಲಿ ಇದೂ ಒಂದು.